ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ಫಾರ್ಮ್‌ಲೋರ್‌ಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತದೆ. ಉತ್ತರ ಬೆಂಗಳೂರಿನ ರೆಸ್ಟೋರೆಂಟ್ ಫಾರ್ಮ್‌ಲೋರ್‌ಗೆ ಊಟಕ್ಕೆ ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ. 37 ಎಕರೆ ತೋಟ, ಆದರೆ ಕೂರಲು ಬರೀ 18 ಜನಕ್ಕೆ ಜಾಗ. ತೋಟದಲ್ಲಿ ಬೆಳೆದಿದ್ದನ್ನು ಸೌದೆ ಬೆಂಕಿಯಲ್ಲಿ ಬೇಯಿಸಿ, ಒಂದೊಂದಾಗಿ ತಂದಿಡುತ್ತಾರೆ. ಹಳ್ಳಿಯಲ್ಲಿ ಬೆಳೆದ ಅಮ್ಮನಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಆದರೆ ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮೊಟ್ಟೆಯೂ ಇಲ್ಲ. ಇಂಥ ಕಡೆ ಮೆನು ಅವರೇ ಮೊದಲೇ ಗೊತ್ತು ಮಾಡಿರುತ್ತಾರೆ ಅಲ್ವಾ? ಬುಕ್ ಮಾಡುವಾಗಲೇ ಹೇಳಿದರೆ ಸಾಸ್, ಸಾರಿನವರೆಗೂ ಬೇರೆ ಮಾಡಿಕೊಡುತ್ತಾರಾ? ಇಲ್ಲ ಆ ಐಟಂ ಸುಮ್ನೆ ಬಿಟ್ಟುಬಿಡುತ್ತಾರಾ? ಎಲ್ಲರ ಮುಂದೆ ತಟ್ಟೆ ಬಂದಾಗ ಅಮ್ಮ ಒಬ್ಬರೇ ಕಾಯುತ್ತಾ ಕೂರುವುದು ನನಗೆ ಬೇಡ. ಸಸ್ಯಾಹಾರಿಗಳು ಹೋಗಿದ್ದರೆ ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ.

ಅಪ್ಪನಿಗೆ ಶುಗರ್ ಇದೆ, ರಾತ್ರಿ 8ಕ್ಕೆಲ್ಲ ಊಟ ಮುಗಿಸುವವರು. ಹಾಗಾಗಿ ಮಧ್ಯಾಹ್ನವೇ ಒಳ್ಳೆಯದು ಅನಿಸುತ್ತಿದೆ. ಎಷ್ಟು ಹೊತ್ತು ಹಿಡಿಯಿತು, ನಡುವೆ ಜಾಸ್ತಿ ಕಾಯಬೇಕಾಯಿತಾ? ವಾಪಸ್ ಬರಲು ಅಲ್ಲಿ ಕ್ಯಾಬ್ ಸಿಗುತ್ತಾ, ಇಲ್ಲ ನಮ್ಮದೇ ಗಾಡಿ ಇರಬೇಕಾ? ಈ ವಾರವೇ ಬುಕ್ ಮಾಡಬೇಕು.