ವಯಸ್ಸಿನೊಂದಿಗೆ ಬರುವ ಕಂದು ಕಲೆಗಳು: ಚರ್ಮತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ ಐವತ್ತೆಂಟು ವರ್ಷ. ಕೆಲವು ವರ್ಷಗಳಿಂದ ಎರಡೂ ಕೈಗಳ ಹಿಂಬದಿಯಲ್ಲಿ ಮತ್ತು ಬಲಗೆನ್ನೆಯ ಮೇಲೆ ಚಪ್ಪಟೆಯಾದ ಕಂದು ಕಲೆಗಳು ಮೂಡಿವೆ. ತುರಿಕೆಯಾಗಲಿ ನೋವಾಗಲಿ ಇಲ್ಲ. ಒಬ್ಬರು ಇದು ಪಿತ್ತಕೋಶದ ದೋಷ ಎನ್ನುತ್ತಾರೆ, ಇನ್ನೊಬ್ಬರು ಬಂಗು ಎನ್ನುತ್ತಾರೆ. ಇವು ನಿಜವಾಗಿ ಏನು? ಲೇಸರ್ ಮಾಡಿಸಿದರೆ ಹೋಗುತ್ತವೆಯೇ?

ಉತ್ತರ: ನಮಸ್ಕಾರ. ನೀವು ಕೊಟ್ಟಿರುವ ವಿವರಗಳು ಸೋಲಾರ್ ಲೆಂಟಿಗೋ ಎಂದು ನಾವು ಕರೆಯುವ ಕಲೆಗಳಿಗೆ ಹೊಂದುತ್ತವೆ. ಪಿತ್ತಕೋಶಕ್ಕೂ ಯಕೃತ್ತಿಗೂ ಇವುಗಳೊಂದಿಗೆ ಯಾವ ಸಂಬಂಧವೂ ಇಲ್ಲ. ಹತ್ತಾರು ವರ್ಷ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಒಡ್ಡಿಕೊಂಡ ಚರ್ಮದಲ್ಲಿ ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳು ಅಲ್ಲಲ್ಲಿ ಹೆಚ್ಚಿ, ಅಗತ್ಯಕ್ಕಿಂತ ಹೆಚ್ಚು ಮೆಲನಿನ್ ಉತ್ಪಾದಿಸತೊಡಗುತ್ತವೆ. ಕೈಯ ಹಿಂಬದಿ, ಮುಂಗೈ, ಮುಖ, ಭುಜ, ಬೆನ್ನಿನ ಮೇಲ್ಭಾಗ ಹೀಗೆ ಬಿಸಿಲು ಬೀಳುವ ಜಾಗಗಳಲ್ಲಿಯೇ ಇವು ಕಾಣುವುದಕ್ಕೆ ಕಾರಣ ಅದು. ಬಂಗು ಸಾಮಾನ್ಯವಾಗಿ ಎರಡೂ ಕೆನ್ನೆಗಳಲ್ಲಿ, ಹಣೆಯಲ್ಲಿ, ಮೇಲ್ದುಟಿಯ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ ಮತ್ತು ಅದರಲ್ಲಿ ಹಾರ್ಮೋನುಗಳ ಪಾತ್ರವೂ ಇರುತ್ತದೆ. ನಿಮ್ಮದು ಒಂದೇ ಕೆನ್ನೆಯಲ್ಲಿ, ಬಿಡಿಬಿಡಿಯಾಗಿ ಇರುವುದರಿಂದ ಅದು ಬಂಗು ಆಗಿರುವ ಸಂಭವ ಕಡಿಮೆ. ಅಂದಹಾಗೆ, ನೀವು ದಿನವೂ ವಾಹನ ಓಡಿಸುತ್ತೀರಾ ಅಥವಾ ಬಲಗಡೆ ಕಿಟಕಿಯಿರುವಲ್ಲಿ ಕುಳಿತು ಕೆಲಸ ಮಾಡುತ್ತೀರಾ? ಸಾಮಾನ್ಯ ಗಾಜು ಅತಿನೇರಳೆ ಕಿರಣಗಳಲ್ಲಿ ಯುವಿಬಿ ಎಂಬ ಬಗೆಯನ್ನು ಬಹುಮಟ್ಟಿಗೆ ತಡೆಯುತ್ತದೆಯಾದರೂ ಯುವಿಎ ಎಂಬ ಬಗೆಯ ಗಣನೀಯ ಭಾಗವನ್ನು ಒಳಬಿಡುತ್ತದೆ.

ಲೇಸರಿನಿಂದ ಇಂತಹ ಕಲೆಗಳು ಹೋಗುತ್ತವೆ. ಆದರೆ ಯಾವ ಕಲೆಯನ್ನು ತೆಗೆಯುತ್ತಿದ್ದೇವೆ ಎಂಬುದು ಮೊದಲು ಖಚಿತವಾಗಬೇಕು. ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಂದ ಪ್ರತಿಯೊಂದು ಕಲೆಯನ್ನೂ ಹತ್ತಿರದಿಂದ ನೋಡಿಸಿಕೊಳ್ಳದೆ ಚಿಕಿತ್ಸೆಗೆ ಒಪ್ಪಬೇಡಿ. ದೂರದಿಂದ ಒಂದೇ ತರಹ ಕಾಣುವ ಕಲೆಗಳಲ್ಲಿ ಕೆಲವು ಅಂಟಿಸಿದಂತೆ ಮೇಲೆದ್ದಿರುವ ನಿರುಪದ್ರವಿ ಸೆಬೊರೀಕ್ ಕೆರಟೋಸಿಸ್ ಆಗಿರಬಹುದು, ಕೆಲವು ಮುಟ್ಟಿದರೆ ಮರಳುಕಾಗದದಂತೆ ಒರಟಾಗಿರುವ ಆಕ್ಟಿನಿಕ್ ಕೆರಟೋಸಿಸ್ ಎಂಬ ಕ್ಯಾನ್ಸರ್‌ಪೂರ್ವ ಸ್ಥಿತಿಯಾಗಿರಬಹುದು, ಅಪರೂಪಕ್ಕೆ ಒಂದು ಲೆಂಟಿಗೋ ಮಾಲಿಗ್ನಾ, ಅಂದರೆ ಚರ್ಮದ ಮೇಲ್ಪದರದಲ್ಲಿಯೇ ನಿಧಾನವಾಗಿ ಬೆಳೆಯುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗಿರಲೂಬಹುದು.

ಪ್ರಶ್ನೆ (ಅದೇ ಸದಸ್ಯರಿಂದ): ಹೌದು, ಹಲವು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ, ಕಿಟಕಿ ಬಲಗಡೆಗೇ ಇದೆ. ನಿಮ್ಮ ಉತ್ತರ ಓದಿದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡೆ. ಕೆನ್ನೆಯ ಕಲೆಗಳಲ್ಲಿ ಒಂದು ಉಳಿದವುಗಳಿಗಿಂತ ದೊಡ್ಡದಾಗಿದೆ, ಅದರ ಒಂದು ಬದಿ ತಿಳಿಗಂದು, ಇನ್ನೊಂದು ಬದಿ ಹೆಚ್ಚುಕಡಿಮೆ ಕಪ್ಪು. ಅಂಚೂ ಸ್ಪಷ್ಟವಾಗಿಲ್ಲ.

ಉತ್ತರ: ಹಾಗಾದರೆ ಲೇಸರಿನ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಆ ಒಂದು ಕಲೆಯನ್ನು ಬೇಗನೆ ಚರ್ಮತಜ್ಞರಿಗೆ ತೋರಿಸಿ. ಎರಡು ಭಾಗಗಳು ಒಂದಕ್ಕೊಂದು ಹೊಂದದಿರುವುದು, ಅಂಚು ಅಂಕುಡೊಂಕಾಗಿರುವುದು, ಒಂದಕ್ಕಿಂತ ಹೆಚ್ಚು ಬಣ್ಣಗಳಿರುವುದು, 6 ಮಿಲಿಮೀಟರಿಗಿಂತ ಅಗಲವಾಗಿರುವುದು, ತಿಂಗಳುಗಳ ಅವಧಿಯಲ್ಲಿ ಬದಲಾಗುತ್ತಿರುವುದು, ಇವುಗಳಲ್ಲಿ ಯಾವುದಿದ್ದರೂ ನಾವು ಎಚ್ಚರವಹಿಸುತ್ತೇವೆ. ಗಾಬರಿಯಾಗುವ ಅಗತ್ಯವಿಲ್ಲ, ಇಂತಹ ಹಲವು ಕಲೆಗಳು ಕೊನೆಗೆ ನಿರುಪದ್ರವಿ ಎಂದೇ ತಿಳಿದುಬರುತ್ತವೆ. ಅನುಮಾನ ಉಳಿದರೆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಸಣ್ಣ ತುಣುಕನ್ನು ಬಯಾಪ್ಸಿಗೆ ತೆಗೆಯುತ್ತಾರೆ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಲೆಂಟಿಗೋ ಮಾಲಿಗ್ನಾದ ಮೇಲೆ ಲೇಸರ್ ಹಾಯಿಸಿದರೆ ಮೇಲಿನ ಬಣ್ಣ ಅಳಿಸಿಹೋಗುತ್ತದೆ, ಕೆಟ್ಟ ಕೋಶಗಳು ಉಳಿದು ಬೆಳೆಯುತ್ತವೆ, ಗುರುತು ಹಿಡಿಯಲು ಬಣ್ಣವೇ ಇಲ್ಲದಂತಾಗುತ್ತದೆ.

ಪ್ರಶ್ನೆ (ಮತ್ತೊಬ್ಬ ಸದಸ್ಯರಿಂದ): ನನ್ನ ಕಲೆಗಳನ್ನು ತಜ್ಞರು ನೋಡಿ ವಯಸ್ಸಿನ ಕಲೆಗಳೇ ಎಂದು ಹೇಳಿದ್ದಾರೆ. ನನ್ನ ಮೈಬಣ್ಣ ಕಪ್ಪು. ಕ್ರಯೋ, ಲೇಸರ್, ಪೀಲ್ ಎಂದು ಮೂರು ದಾರಿಗಳನ್ನು ಸೂಚಿಸಿದರು. ಯಾವುದು ಸೂಕ್ತ?

ಉತ್ತರ: ಕಪ್ಪು ಅಥವಾ ಗಾಢ ಗೋಧಿ ಮೈಬಣ್ಣದವರಲ್ಲಿ ಕಲೆಗೆ ಎಷ್ಟು ಬಲವಾದ ಪೆಟ್ಟು ಕೊಡುತ್ತೇವೆ ಎಂಬುದಕ್ಕಿಂತ, ಸುತ್ತಲಿನ ಚರ್ಮ ಆ ಪೆಟ್ಟಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದೇ ಮುಖ್ಯ. ಕ್ರಯೋ ಎಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್ಸಿನ ದ್ರವ ಸಾರಜನಕವನ್ನು ಕೆಲವೇ ಸೆಕೆಂಡು ಸಿಂಪಡಿಸುವುದು. ಚರ್ಮದ ಇತರ ಕೋಶಗಳಿಗಿಂತ ಮೆಲನೋಸೈಟುಗಳು ತಂಪಿಗೆ ಬೇಗ ಸಾಯುವುದರಿಂದ ಕಲೆ ಹೋಗುತ್ತದೆ. ಅದೇ ಕಾರಣಕ್ಕೆ ಆ ಜಾಗದಲ್ಲಿ ಬಿಳಿ ಮಚ್ಚೆ ಉಳಿಯುವ ಅಪಾಯವೂ ಇದೆ. ಬೆಳ್ಳಗಿನ ಚರ್ಮದಲ್ಲಿ ಅದು ಅಷ್ಟಾಗಿ ಕಾಣದು, ನಿಮ್ಮ ಚರ್ಮದಲ್ಲಿ ಮೂಲ ಕಲೆಗಿಂತ ಎದ್ದು ಕಾಣಬಹುದು. ಆದ್ದರಿಂದ ನಿಮಗೆ ಕ್ರಯೋ ನನ್ನ ಮೊದಲ ಆಯ್ಕೆಯಲ್ಲ.

ಲೇಸರಿನಲ್ಲಿ ಕ್ಯೂ-ಸ್ವಿಚ್ಡ್ ಮತ್ತು ಪಿಕೋಸೆಕೆಂಡ್ ಯಂತ್ರಗಳು ಇಂತಹ ಕಲೆಗಳಿಗೆ ಹೆಚ್ಚಾಗಿ ಬಳಕೆಯಲ್ಲಿವೆ. ಬಣ್ಣ ಹೀರಿಕೊಳ್ಳುವ ತರಂಗಾಂತರದ ಬೆಳಕನ್ನು ಅತ್ಯಲ್ಪ ಕಾಲ ಹಾಯಿಸಿದರೆ ಬಣ್ಣದ ಕಣಗಳು ಮಾತ್ರ ಒಡೆದು ಸುತ್ತಲಿನ ಅಂಗಾಂಶ ಬಹುಮಟ್ಟಿಗೆ ಉಳಿಯುತ್ತದೆ ಎಂಬ ತತ್ತ್ವವನ್ನು ಅಮೆರಿಕದ ಸಂಶೋಧಕರಾದ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. ಇಂದಿನ ಯಂತ್ರಗಳು ಅದರ ಮೇಲೆಯೇ ನಿಂತಿವೆ. 532 ನ್ಯಾನೊಮೀಟರ್ ತರಂಗಾಂತರದ ಹಸಿರು ಲೇಸರ್ ಬೆಳಕು ಬಿದ್ದ ತಕ್ಷಣ ಕಲೆಯ ಮೇಲೆ ಬೂದುಬಿಳಿ ಪೊರೆ ಕಟ್ಟುತ್ತದೆ. ಅದು ಕೆಲವು ನಿಮಿಷಗಳಲ್ಲಿ ಮಾಯವಾಗಿ, ಮರುದಿನದ ಹೊತ್ತಿಗೆ ಕಲೆ ಮೊದಲಿಗಿಂತ ಕಪ್ಪಾಗಿ ತೆಳುವಾದ ಹಕ್ಕಳೆಗಟ್ಟುತ್ತದೆ. ಮುಖದ ಮೇಲಿನದು ಒಂದು ವಾರದಿಂದ ಹತ್ತು ದಿನಗಳಲ್ಲಿ ಉದುರುತ್ತದೆ, ಕೈಯ ಮೇಲಿನದು ಇನ್ನಷ್ಟು ದಿನ ತೆಗೆದುಕೊಳ್ಳುತ್ತದೆ. ಉಗುರಿನಿಂದ ಕಿತ್ತರೆ ಗುರುತು ಉಳಿದೀತು. ಸುಮಾರು ನಾಲ್ಕು ವಾರಗಳಿಗೆ ಅದೇ ಜಾಗ ಮತ್ತೆ ಕಪ್ಪಾಗತೊಡಗುವುದು ಗಾಢ ಮೈಬಣ್ಣದವರಲ್ಲಿ ಸಾಮಾನ್ಯ. ಲೇಸರ್ ವಿಫಲವಾಯಿತೆಂದು ಬೇಸರಪಟ್ಟು ಆ ಹಂತದಲ್ಲಿ ಮತ್ತೊಮ್ಮೆ ಲೇಸರ್ ಮಾಡಿಸಿಕೊಳ್ಳುವವರಿದ್ದಾರೆ, ಹಾಗೆ ಮಾಡಬಾರದು. ಅದು ಉರಿಯೂತದ ನಂತರದ ಕಪ್ಪು, ಬಿಸಿಲಿನಿಂದ ಕಾಪಾಡಿಕೊಂಡರೆ ಕೆಲವು ತಿಂಗಳುಗಳಲ್ಲಿ ತಿಳಿಯಾಗುತ್ತದೆ.

ನನ್ನ ಸಲಹೆ ಇಷ್ಟು: ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದೇ ಕಲೆಯ ಮೇಲೆ ಕಡಿಮೆ ಶಕ್ತಿಯಲ್ಲಿ ಪ್ರಯೋಗ ಮಾಡಿಸಿ, ಆರರಿಂದ ಎಂಟು ವಾರ ಕಾದು ನೋಡಿ, ಆನಂತರ ಉಳಿದವುಗಳ ಬಗ್ಗೆ ತೀರ್ಮಾನಿಸಿ. ಇದಕ್ಕೆ ಒಪ್ಪದೆ ಒಂದೇ ಸಲಕ್ಕೆ ಎಲ್ಲವನ್ನೂ ತೆಗೆದುಬಿಡುತ್ತೇವೆ ಎನ್ನುವ ಕಡೆಯಿಂದ ಎದ್ದು ಬರುವುದು ಮೇಲು. ಗ್ಲೈಕಾಲಿಕ್ ಆಮ್ಲದ ಮೇಲ್ಮಟ್ಟದ ಪೀಲುಗಳು, ಅಂದರೆ ಚರ್ಮದ ಮೇಲ್ಪದರವನ್ನು ಸುಲಿಯುವ ಲೇಪಗಳು, ಒಟ್ಟಾರೆ ಮೈಬಣ್ಣವನ್ನು ಸ್ವಲ್ಪ ತಿಳಿಗೊಳಿಸುತ್ತವೆಯೇ ಹೊರತು ಗಾಢವಾದ ಬಿಡಿ ಕಲೆಗಳ ಮೇಲೆ ಅವುಗಳಿಂದ ಹೆಚ್ಚಿನ ಫಲ ಸಿಗದು.

ಪ್ರಶ್ನೆ: ಕ್ರೀಮಿನಿಂದಲೇ ಆಗುವುದಿಲ್ಲವೇ? ಪರಿಚಿತರು ಕೊಟ್ಟ ಒಂದು ಕ್ರೀಮನ್ನು ಒಂದು ವರ್ಷದಿಂದ ಹಚ್ಚುತ್ತಿದ್ದೇನೆ. ಮೊದಲು ಬಣ್ಣ ತಿಳಿಯಾಗಿತ್ತು, ಈಗ ಮುಖವೆಲ್ಲ ಕೆಂಪಾಗಿದೆ.

ಉತ್ತರ: ಆ ಕ್ರೀಮಿನ ಕೊಳವೆಯನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳು ಬಂಗಿಗೆ ವೈದ್ಯರ ನಿಗಾದಲ್ಲಿ ಕೆಲವು ವಾರಗಳ ಮಟ್ಟಿಗೆ ಉಪಯುಕ್ತ. ವರ್ಷಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳು ಕಾಣುವಂತೆ ಮಾಡುತ್ತದೆ. ನಿಲ್ಲಿಸಿದೊಡನೆ ಉರಿ, ಮೊಡವೆ ಹೆಚ್ಚುವುದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಹೈಡ್ರೋಕ್ವಿನೋನ್ ದೀರ್ಘಕಾಲ ಬಳಸಿದರೆ ಓಕ್ರೊನೋಸಿಸ್ ಎಂಬ ನೀಲಿಗಪ್ಪು ಬಣ್ಣ ಕೂರಬಹುದು, ಅದನ್ನು ತೆಗೆಯುವುದು ಮೂಲ ಕಲೆಗಿಂತ ಕಷ್ಟ. ಟ್ರೆಟಿನಾಯಿನ್ ಒಂದನ್ನೇ ರಾತ್ರಿ ಹಚ್ಚಿದರೆ ವಯಸ್ಸಿನ ಕಲೆಗಳು ನಿಧಾನವಾಗಿ, ತಿಂಗಳುಗಳ ಮೇಲೆ ತಿಳಿಯಾಗುತ್ತವೆ. ಗರ್ಭಿಣಿಯರು ಅದನ್ನು ಬಳಸಬಾರದು.

ಪ್ರಶ್ನೆ: ಹೊಸ ಕಲೆಗಳು ಬಾರದಂತೆ ಏನು ಮಾಡಬೇಕು? ಸನ್‌ಸ್ಕ್ರೀನ್ ಹಚ್ಚಿದರೂ ಬರುತ್ತಿವೆ.

ಉತ್ತರ: ಬಹುತೇಕರು ಹಚ್ಚುವ ಪ್ರಮಾಣ ಸಾಲದು. ಎಸ್‌ಪಿಎಫ್ ಅಂಕಿಯನ್ನು (ಸನ್‌ಸ್ಕ್ರೀನಿನ ರಕ್ಷಣೆಯ ಮಟ್ಟವನ್ನು) ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ನಾವು ಅದರ ಅರ್ಧವನ್ನೋ ಕಾಲು ಭಾಗವನ್ನೋ ಸವರಿ ಮುಗಿಸುತ್ತೇವೆ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಗಳಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಯುವಿಎಯನ್ನೂ ತಡೆಯುವಂತಹದು ಇರಲಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕೈ ತೊಳೆದಾಗಲೆಲ್ಲ ಕೈಯ ಹಿಂಬದಿಯದು ಹೋಗಿಬಿಡುತ್ತದೆ ಎಂಬುದನ್ನು ಮರೆಯುವುದರಿಂದಲೇ ಮುಖ ತಿಳಿಯಾಗಿದ್ದರೂ ಕೈಗಳು ಕಲೆಗಟ್ಟಿರುತ್ತವೆ. ಗಾಢ ಮೈಬಣ್ಣದವರಿಗೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪನ್ನು ಹೆಚ್ಚಿಸಬಲ್ಲದಾದ್ದರಿಂದ ಐರನ್ ಆಕ್ಸೈಡ್ ಸೇರಿದ, ಮೈಬಣ್ಣಕ್ಕೆ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ಒಳ್ಳೆಯದು. ಉದ್ದ ತೋಳು, ಅಗಲ ಅಂಚಿನ ಟೋಪಿ, ಛತ್ರಿ ಇವು ಯಾವ ಕ್ರೀಮಿಗೂ ಕಡಿಮೆಯಲ್ಲ.

ದಿನವೂ ಹಚ್ಚುವುದರಿಂದ ವ್ಯತ್ಯಾಸವಾಗುತ್ತದೆಯೇ ಎಂಬುದಕ್ಕೆ ಆಸ್ಟ್ರೇಲಿಯಾದ ನಂಬೂರಿನಲ್ಲಿ 1992ರಿಂದ 1996ರವರೆಗೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಡುತ್ತದೆ. ಅದರಲ್ಲಿ ದಿನವೂ ಹಚ್ಚಿದವರ ಚರ್ಮ, ತಮಗೆ ತೋಚಿದಾಗ ಹಚ್ಚಿದವರ ಚರ್ಮಕ್ಕಿಂತ 24 ಶೇಕಡಾ ಕಡಿಮೆ ಮುಪ್ಪಾಗಿತ್ತು.

ಪ್ರಶ್ನೆ: ಒಮ್ಮೆ ತೆಗೆಸಿದ ಕಲೆ ಮತ್ತೆ ಬರುತ್ತದೆಯೇ?

ಉತ್ತರ: ಬರಬಹುದು, ಪಕ್ಕದಲ್ಲಿ ಹೊಸದೂ ಮೂಡಬಹುದು, ಏಕೆಂದರೆ ಹಿಂದಿನ ವರ್ಷಗಳ ಬಿಸಿಲಿನ ಹಾನಿ ಚರ್ಮದಲ್ಲಿ ಉಳಿದೇ ಇರುತ್ತದೆ. ಚಿಕಿತ್ಸೆಯ ಹಿಂದಿನ ಮತ್ತು ನಂತರದ ಚಿತ್ರಗಳನ್ನು ಒಂದೇ ಬೆಳಕಿನಲ್ಲಿ ತೆಗೆಸಿ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಚರ್ಮವನ್ನು ತೋರಿಸಿಕೊಳ್ಳಿ. ತೆಗೆಸಿದ ಜಾಗದಲ್ಲಿಯೇ ಬಣ್ಣ ಮರಳಿ, ಅದು ಮೊದಲಿಗಿಂತ ಬೇರೆ ರೂಪದಲ್ಲಿದ್ದರೆ ಎರಡನೆಯ ಸಲ ಲೇಸರಿಗೆ ಹೋಗುವ ಮೊದಲು ಬಯಾಪ್ಸಿ ಬೇಕೇ ಎಂದು ಕೇಳಿ.