13ರ ಸ್ಪ್ಯಾನರ್ ಜಾರುತ್ತೆ, 12 ಕೂರೋದೇ ಇಲ್ಲ: ಇದು ಯಾವ ಬೋಲ್ಟ್?

ಸಡಿಲ_ನಟ್:
ನಮಸ್ಕಾರ. ಹಳೇ ಬೆಂಚ್ ಡ್ರಿಲ್ಲಿಂಗ್ ಮಷಿನ್ ಒಂದು ಕೈಗೆ ಬಂದಿದೆ. ಮೋಟರ್ ಕೂರುವ ಪ್ಲೇಟಿಗೆ ನಾಲ್ಕು ಬೋಲ್ಟ್ ಇವೆ, ಬೆಲ್ಟ್ ಬದಲಿಸಲು ಅವನ್ನು ಬಿಚ್ಚಬೇಕು. 12ರ ಸ್ಪ್ಯಾನರ್ ತಲೆಗೆ ಹತ್ತುವುದೇ ಇಲ್ಲ. 13 ಸಲೀಸಾಗಿ ಕೂರುತ್ತದೆ, ಆದರೆ ಜೋರು ಹಾಕಿದರೆ ಜಾರುತ್ತದೆ. ಒಂದು ಬೋಲ್ಟಿನ ಮೂಲೆಗಳು ಆಗಲೇ ಸವೆದು ಗುಂಡಗಾಗಿವೆ. ವರ್ನಿಯರ್ ಹಿಡಿದರೆ ಚಪ್ಪಟೆ ಬದಿಯಿಂದ ಎದುರು ಬದಿಗೆ 12.6 ಮಿ.ಮೀ. ಬರುತ್ತಿದೆ. 12.6ರ ಸ್ಪ್ಯಾನರ್ ಅಂತ ಇದೆಯಾ? ಉಳಿದ ಮೂರನ್ನೂ ಕೆಡಿಸುವ ಮುಂಚೆ ಕೇಳಿಬಿಡೋಣ ಅನ್ನಿಸಿತು.

ಹಳೇ_ಲೇತ್:
ಇದೆ. ಆದರೆ ಅದರ ಮೇಲೆ 12.6 ಅಂತ ಬರೆದಿರುವುದಿಲ್ಲ, 1/2 ಅಂತ ಬರೆದಿರುತ್ತದೆ. ನಿಮ್ಮದು ಅರ್ಧ ಇಂಚಿನ ತಲೆ. ಒಂದು ಇಂಚು ಅಂದರೆ 25.4 ಮಿ.ಮೀ., ಅರ್ಧ ಅಂದರೆ 12.7. ತಲೆಯನ್ನು ಯಾವಾಗಲೂ ಹೇಳುವ ಅಳತೆಗಿಂತ ಕೂದಲೆಳೆಯಷ್ಟು ಕಡಿಮೆಯೇ ಮಾಡುತ್ತಾರೆ, ಇಲ್ಲದಿದ್ದರೆ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ. ಅದಕ್ಕೇ 12.6 ತೋರಿಸುತ್ತಿದೆ.

13ರ ಸ್ಪ್ಯಾನರ್ ಬಾಯಿ 13ಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅಲ್ಲಿಗೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ಆಟ ಸಿಕ್ಕಿತು. ಬಲವೆಲ್ಲ ಚಪ್ಪಟೆ ಬದಿ ಬಿಟ್ಟು ಮೂಲೆಗಳ ಮೇಲೇ ಬೀಳುತ್ತದೆ. ಗುಂಡಗಾಗದೆ ಇನ್ನೇನಾಗುತ್ತದೆ?

ಗುಂಡಗಾದ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಆಮೇಲೆ 1/2ರ ಆರು ಮೂಲೆಯ ಸಾಕೆಟ್ ಹಾಕಿ. ಹನ್ನೆರಡು ಮೂಲೆಯದು ಬೇಡ, ಅದು ಸವೆದ ತಲೆಯನ್ನು ಹಿಡಿಯುವುದಿಲ್ಲ. ಅದೂ ಜಾರಿದರೆ ಅರದಿಂದ ಎದುರು ಬದುರಿನ ಎರಡು ಬದಿಗಳನ್ನು ಸಮವಾಗಿ ಉಜ್ಜಿ 12ಕ್ಕೆ ಇಳಿಸಿ, ನಿಮ್ಮ 12ರ ಸ್ಪ್ಯಾನರ್ ಬಿಗಿಯಾಗಿ ಕೂರುತ್ತದೆ. ನಾನು ಹೀಗೆ ಎಷ್ಟೋ ಬೋಲ್ಟ್ ತೆಗೆದಿದ್ದೇನೆ.

ಗ್ಯಾರೇಜ್_ಮೂಲೆ:
ಇಷ್ಟೆಲ್ಲ ಬೇಕಾ? ನಾನು ಮುಕ್ಕಾಲು ಇಂಚಿಗೆ 19 ಹಾಕುತ್ತಲೇ ಬಂದಿದ್ದೇನೆ, ಒಂದು ದಿನವೂ ಜಾರಿಲ್ಲ.

ಹಳೇ_ಲೇತ್:
ಜಾರುವುದಿಲ್ಲ, ಯಾಕೆಂದರೆ ಮುಕ್ಕಾಲು ಇಂಚು 19.05. ಅದು ಅದೃಷ್ಟದ ಜೋಡಿ. 5/16ಕ್ಕೆ 8 ಕೂಡ ಹಾಗೇ (7.94). 5/8ಕ್ಕೆ 16 ಪರವಾಗಿಲ್ಲ (15.88). ಇದನ್ನು ನೋಡಿ ಎಲ್ಲದಕ್ಕೂ ಹತ್ತಿರದ ನಂಬರ್ ಹಾಕಲು ಹೋದರೆ ಕೆಟ್ಟಿರಿ. 3/8 ಅಂದರೆ 9.53, ಅದಕ್ಕೆ 10 ಹಾಕಿದರೆ ಅರ್ಧ ಮಿ.ಮೀ. ಸಡಿಲ. ಚಿಕ್ಕ ತಲೆಗೆ ಅಷ್ಟು ಆಟ ಅಂದರೆ ಮುಗಿಯಿತು. 9/16 ಅಂತೂ ನಡುನೀರಿನಲ್ಲಿದೆ: 14.29. ಅದಕ್ಕೆ 14 ಕೂರಲ್ಲ, 15 ಜಾರುತ್ತದೆ.

7/16 ಇನ್ನೂ ತಮಾಷೆ. ಅದು 11.11. ಹಾಗಾಗಿ 7/16ರ ಸ್ಪ್ಯಾನರ್ 11ರ ತಲೆಗೆ ಚೆನ್ನಾಗಿ ಕೂರುತ್ತದೆ, 11ರ ಸ್ಪ್ಯಾನರ್ 7/16ರ ತಲೆಗೆ ಕೂರದೇ ಇರಬಹುದು. ಎಷ್ಟು ವ್ಯತ್ಯಾಸ ಅನ್ನುವುದರ ಜೊತೆಗೆ ಯಾವುದು ದೊಡ್ಡದು ಅಂತಲೂ ನೋಡಬೇಕು. ಅಲೆನ್ ಕೀಗೆ ಲೆಕ್ಕ ಉಲ್ಟಾ, ಅಲ್ಲಿ ಕೀ ಒಳಗೆ ಹೋಗುವುದು. 5ರ ತೂತಿಗೆ 3/16 (4.76) ಹಾಕಿ ತಿರುಗಿಸಿದರೆ ಒಳಗಿನ ಮೂಲೆಗಳೆಲ್ಲ ಸವೆದುಹೋಗುತ್ತವೆ.

ಸಡಿಲ_ನಟ್:
1/2ರ ಸಾಕೆಟ್ ಹಾಕಿದೆ, ನಾಲ್ಕೂ ಬಂದವು, ಗುಂಡಗಾದದ್ದೂ! ಅರ ಬೇಕಾಗಲಿಲ್ಲ. ಈಗ ಇನ್ನೊಂದು ತಲೆನೋವು. ಕೆಟ್ಟ ಬೋಲ್ಟ್ ಬದಲಿಸೋಣ ಅಂತ ಅದರ ದಪ್ಪ ಅಳೆದೆ, 7.9 ಇತ್ತು. 8 ಇರಬೇಕು ಅಂತ ಎಂ8 ಬೋಲ್ಟ್ ಹಾಕಿದರೆ ಎರಡು ಮೂರು ಸುತ್ತು ಹೋಗಿ ಬಿಗಿಯಾಗಿ ನಿಂತುಬಿಟ್ಟಿದೆ. ಮತ್ತೆ ಸ್ಪ್ಯಾನರ್ ಅರ್ಧ ಇಂಚು ಅಂದಮೇಲೆ ಬೋಲ್ಟ್ ಕೂಡ ಅರ್ಧ ಇಂಚು ಇರಬೇಕಲ್ವಾ?

ಹಳೇ_ಲೇತ್:
ಅಲ್ಲೇ ನಿಲ್ಲಿಸಿ! ಇನ್ನೊಂದು ಸುತ್ತೂ ಬೇಡ, ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ ತೆಗೆಯಿರಿ.

ಸ್ಪ್ಯಾನರ್ ಮೇಲಿನ ನಂಬರ್ ತಲೆಯದು, ಬೋಲ್ಟಿನ ದಪ್ಪದ್ದಲ್ಲ. ಎಂ8 ಬೋಲ್ಟಿಗೆ 13ರ ತಲೆ ಇರುವ ಹಾಗೆ 5/16 ಬೋಲ್ಟಿಗೆ 1/2ರ ತಲೆ. 5/16 ಅಂದರೆ 7.94, ನಿಮಗೆ 7.9 ಬಂದದ್ದು ಅದಕ್ಕೇ. ದಪ್ಪದಲ್ಲಿ ಎಂ8ಗೂ ಇದಕ್ಕೂ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಮೋಸ ಇರುವುದು ಥ್ರೆಡ್‌ನಲ್ಲಿ. 5/16ರ ಸಾಮಾನ್ಯ ಥ್ರೆಡ್‌ನಲ್ಲಿ ಇಂಚಿಗೆ 18 ಸುತ್ತು, ಅಂದರೆ ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರ) 1.41 ಮಿ.ಮೀ. ಎಂ8ದು 1.25. ಮೊದಲ ಒಂದೆರಡು ಸುತ್ತಿನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೂರನೆಯದಕ್ಕೆ ಬರುವ ಹೊತ್ತಿಗೆ ಎರಡೂ ಒಂದನ್ನೊಂದು ಕೆರೆಯುತ್ತವೆ.

ಹಳೇ ಬೋಲ್ಟಿನ ಮೇಲೆ ಸ್ಕೇಲ್ ಇಟ್ಟು 10 ಮಿ.ಮೀ. ಒಳಗೆ ಎಷ್ಟು ಸುತ್ತು ಇವೆ ಎಣಿಸಿ. 8 ಬಂದರೆ ಎಂ8. 7 ಬಂದರೆ ಇಂಚಿಗೆ 18. ಒಂಬತ್ತೂವರೆ ಬಂದರೆ ಇಂಚಿಗೆ 24ರ ಸಣ್ಣ ಥ್ರೆಡ್, ಅದೂ ಉಂಟು. ಇಲ್ಲವೇ ಎರಡೂ ಬೋಲ್ಟನ್ನು ಒಟ್ಟಿಗೆ ಒತ್ತಿ ಬೆಳಕಿಗೆ ಹಿಡಿಯಿರಿ, ಹಲ್ಲು ಹಲ್ಲಿಗೆ ಕೂರದಿದ್ದರೆ ಸಂದಿ ಕಾಣುತ್ತದೆ.

ಗ್ಯಾರೇಜ್_ಮೂಲೆ:
ಹಳೇ ಮಷಿನ್ ಅಂತೀರಿ, ಹಳೇ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಥ್ರೆಡ್ ಇರಬಹುದಾ? ಅದರಲ್ಲೂ 5/16ಕ್ಕೆ 18 ಸುತ್ತೇ ಅಲ್ವಾ?

ಹಳೇ_ಲೇತ್:
ಒಳ್ಳೇ ಪ್ರಶ್ನೆ. ಸುತ್ತು ಅಷ್ಟೇ, ಆದರೆ ಹಲ್ಲಿನ ಕೋನ 55 ಡಿಗ್ರಿ, ಇದರದ್ದು 60. ವಿಟ್‌ವರ್ತ್ ಸ್ಪ್ಯಾನರ್ ಮೇಲೆ ಬೋಲ್ಟಿನ ದಪ್ಪವನ್ನೇ ಬರೆದಿರುತ್ತಾರೆ, ಎಲ್ಲ ಗೊಂದಲದ ಮೂಲ ಅದೇ. ಆದರೆ 5/16 ವಿಟ್‌ವರ್ತ್ ತಲೆಗೆ 13ರ ಸ್ಪ್ಯಾನರ್ ಹತ್ತುವುದೇ ಇಲ್ಲ, ಅದು ಇನ್ನೂ ಅಗಲ. ಇಲ್ಲಿ ಆರಾಮಾಗಿ ಕೂತಿದೆ, ಹಾಗಾಗಿ ಇದು ಯುಎನ್‌ಸಿ ಇರಬೇಕು, ಅಂದರೆ ನಾನು ಮೇಲೆ ಹೇಳಿದ ಇಂಚಿಗೆ 18ರ ಸಾಮಾನ್ಯ ಥ್ರೆಡ್.

ಸಡಿಲ_ನಟ್:
ಎಣಿಸಿದೆ, 7. ಹೊಸ 5/16 ಬೋಲ್ಟ್ ಮೂರು ತೂತಿಗೆ ಬೆರಳಲ್ಲೇ ಹೋಯಿತು. ಎಂ8 ತುರುಕಿದ ತೂತಿನಲ್ಲಿ ಮಾತ್ರ ಶುರುವಿಗೆ ಬಿಗಿ.

ಹಳೇ_ಲೇತ್:
ಅಲ್ಲಿ ಮೊದಲ ಎರಡು ಹಲ್ಲು ನಜ್ಜಾಗಿವೆ. 5/16-18 ಟ್ಯಾಪ್‌ಗೆ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಎಣ್ಣೆ ಹಚ್ಚಿ ಕೈಯಲ್ಲೇ ತಿರುಗಿಸಿ ಒಳಗೆ ಬಿಡಿ. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಕಾಲು ಸುತ್ತು. ಅದರಲ್ಲೂ ಸರಿಹೋಗದಿದ್ದರೆ ಮಾತ್ರ 8.5ರ ಡ್ರಿಲ್ ಹಾಕಿ ಎಂ10 ಥ್ರೆಡ್ ಕೊರೆಯುವ ಮಾತು.

ಸಡಿಲ_ನಟ್:
ಟ್ಯಾಪ್‌ನಲ್ಲೇ ಸರಿಹೋಯಿತು. ಒಂದು ವಿಚಿತ್ರ ನೋಡಿ: ಮೋಟರಿನ ಹಿಂದಿನ ಮುಚ್ಚಳದ ಬೋಲ್ಟಿಗೆ 13 ಒಂಚೂರೂ ಅಲ್ಲಾಡದೆ ಕೂತಿತು. ಅದರ ತಲೆ ಮೇಲೆ 8.8 ಅಂತಿದೆ. ಪ್ಲೇಟಿನಿಂದ ತೆಗೆದ ಹಳೇ ಬೋಲ್ಟ್ ಮೇಲೆ ನಂಬರ್ ಇಲ್ಲ, ಮೂರು ಗೆರೆ ಇವೆ.

ಹಳೇ_ಲೇತ್:
ಹಾಗಾದರೆ ಮೋಟರ್ ಯಾವಾಗಲೋ ಬದಲಾಗಿದೆ. 8.8 ಅನ್ನುವುದು ಮೆಟ್ರಿಕ್ ಬೋಲ್ಟಿನ ಬಲದ ಗುರುತು. ಮೂರು ಗೆರೆ ಅಂದರೆ ಇಂಚಿನದು, ಗ್ರೇಡ್ 5. ಬಲದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಬಿಚ್ಚಿದಾಗ ಮಾತ್ರ ಬೇರೆ ಬೇರೆ ಡಬ್ಬಿಗೆ ಹಾಕಿ.

ಗ್ಯಾರೇಜ್_ಮೂಲೆ:
ನಾನು ನನ್ನ 19 ಬಿಡೋದಿಲ್ಲ. 10 ಹಾಕಿ 3/8 ತೆಗೆಯೋದು ಮಾತ್ರ ಇವತ್ತಿಗೆ ನಿಲ್ಲಿಸಿದೆ.