ವೇಕ್‌ಸರ್ಫಿಂಗ್‌ಗೆ ಎಂಥ ಬೋಟು ಕೊಳ್ಳಬೇಕು, ಹೇಗೆ ಸಿದ್ಧ ಮಾಡಬೇಕು? ಅನುಭವ ಇರುವವರು ಹೇಳಿ

ಕೇಳಿದವರು:

ಮನೆಯಲ್ಲಿ ಐದು ಜನ ಇದ್ದೇವೆ. ಇಷ್ಟು ದಿನ ಔಟ್‌ಬೋರ್ಡ್ ಎಂಜಿನ್ನಿನ ಬೋಟಿನ ಹಿಂದೆ ಟ್ಯೂಬ್, ಸ್ಕೀ ಎಳೆಸಿಕೊಂಡು ಆಡುತ್ತಿದ್ದೆವು. ಈಗ ಮಕ್ಕಳಿಗೆ, ಬೋಟು ಎಬ್ಬಿಸುವ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ವೇಕ್‌ಸರ್ಫಿಂಗ್ ಕಲಿಯುವ ಆಸೆ. ಇರುವ ಬೋಟಿಗೇ ಭಾರ ತುಂಬಿ ಮಾಡಬಹುದಾ, ಇಲ್ಲ ಬೇರೆ ಬೋಟೇ ಬೇಕಾ? ಹಳೆಯದನ್ನು ಕೊಂಡರೆ ಏನೇನು ನೋಡಬೇಕು? ಹಗ್ಗ ಬಿಟ್ಟ ಮೇಲೂ ನಿಂತವರನ್ನು ತಳ್ಳಿಕೊಂಡು ಬರುವಂಥ ಅಲೆ ಹೇಗೆ ಎಬ್ಬಿಸುತ್ತಾರೆ?

ಬೋಟು ಓಡಿಸುವವರೊಬ್ಬರು:

ಈಗಿರುವ ಬೋಟಿನಲ್ಲಿ ಖಂಡಿತ ಬೇಡ. ಸ್ಕೀ ಮಾಡುವವರು ಉದ್ದ ಹಗ್ಗದ ತುದಿಯಲ್ಲಿ ದೂರ ಇರುತ್ತಾರೆ. ಸರ್ಫ್ ಮಾಡುವವರು ಬೋಟಿನಿಂದ ಐದು-ಹತ್ತು ಅಡಿ ಹಿಂದೆಯಷ್ಟೇ ನಿಂತಿರುತ್ತಾರೆ, ಅಲೆ ಅವರನ್ನು ಬೋಟಿನ ಕಡೆಗೇ ತಳ್ಳುತ್ತಿರುತ್ತದೆ. ಔಟ್‌ಬೋರ್ಡ್‌ನಲ್ಲೂ ಎಂಜಿನ್ ಒಳಗಿದ್ದು ಡ್ರೈವ್ ಹೊರಗೆ ಚಾಚಿರುವ ಸಾಮಾನ್ಯ ಸ್ಟರ್ನ್‌ಡ್ರೈವ್‌ನಲ್ಲೂ ಪ್ರೊಪೆಲ್ಲರ್ ಬೋಟಿನ ಹಿಂಭಾಗದಿಂದ ಆಚೆ ಇರುತ್ತದೆ, ಬೀಳುವವರ ಎದುರಿಗೇ. ‘ನಿಧಾನ ತಾನೇ ಹೋಗೋದು’ ಅನ್ನುವ ಮಾತಿಗೆ ಕಿವಿಗೊಡಬೇಡಿ. ಬೋಟು ನಿಧಾನ ಇರಬಹುದು, ಅಷ್ಟು ಭಾರ ಎಳೆಯುವ ಪ್ರೊಪೆಲ್ಲರ್ ನಿಧಾನ ಇರುವುದಿಲ್ಲ.

ಇನ್‌ಬೋರ್ಡ್ ಬೋಟಿನಲ್ಲಿ ಎಂಜಿನ್ ಒಳಗೆ, ಪ್ರೊಪೆಲ್ಲರ್ ತಳದ ಕೆಳಗೆ, ಹಿಂದಿನ ಪ್ಲಾಟ್‌ಫಾರ್ಮಿಗಿಂತ ಸಾಕಷ್ಟು ಮುಂದಿರುತ್ತದೆ. ಸರ್ಫಿಂಗ್‌ಗೆ ಬೇಕಾದದ್ದು ಅದೇ. ಸ್ಟರ್ನ್‌ಡ್ರೈವ್‌ಗಳಲ್ಲಿ ಒಂದು ಅಪವಾದ ಇದೆ: ವೋಲ್ವೊ ಪೆಂಟಾ 2015ರಲ್ಲಿ ತಂದ ಫಾರ್ವರ್ಡ್ ಡ್ರೈವ್. ಅದರಲ್ಲಿ ಪ್ರೊಪೆಲ್ಲರ್‌ಗಳು ಮುಂದಕ್ಕೆ ಮುಖ ಮಾಡಿ ಬೋಟಿನ ಅಡಿಗೆ ಸೇರಿಕೊಂಡಿರುತ್ತವೆ. ಬೋಟಿನಲ್ಲಿ ಇರುವುದು ಅದೇ ಡ್ರೈವ್ ಅಂತ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ. ಮಾರುವವರು ‘ಸರ್ಫ್‌ಗೂ ಆಗುತ್ತೆ’ ಅಂದರು ಅಂತ ನಂಬಬೇಡಿ.

ಇನ್‌ಬೋರ್ಡ್‌ನಲ್ಲೂ ಎರಡು ಬಗೆ. ಡೈರೆಕ್ಟ್ ಡ್ರೈವ್ ಅಂದರೆ ಎಂಜಿನ್ ಬೋಟಿನ ನಡುವೆ. ಇವು ಬಹುಪಾಲು ತೇಲುವ ಬುರುಡೆಗಳನ್ನು ಬಳಸಿಕೊಂಡು ಹೋಗುವ ಸ್ಲಾಲಮ್ ಸ್ಕೀಗೆಂದೇ ಮಾಡಿದವು. ವೇಕ್ (ಬೋಟಿನ ಹಿಂದೆ ಏಳುವ ಅಲೆ) ಆದಷ್ಟು ಸಣ್ಣದಿರಲಿ ಅಂತ ತಳವನ್ನು ಚಪ್ಪಟೆ ಮಾಡಿರುತ್ತಾರೆ, ಅಂಚೂ ತಗ್ಗು. ಸಣ್ಣ ವೇಕ್‌ಗೆಂದು ಮಾಡಿದ ಬೋಟಿನಿಂದ ದೊಡ್ಡ ಅಲೆ ಎಬ್ಬಿಸಲು ಹೊರಟರೆ ಭಾರ ಪೇರಿಸುತ್ತಲೇ ಇರಬೇಕು, ಕೊನೆಗೆ ನೀರು ಅಂಚಿನವರೆಗೆ ಬರುತ್ತದೆ. ವಿ-ಡ್ರೈವ್‌ನಲ್ಲಿ ಎಂಜಿನ್ ಹಿಂದುಗಡೆ. ಭಾರ ಬೇಕಾದ ಜಾಗದಲ್ಲೇ ಇರುತ್ತದೆ, ನಡುವೆ ಕೂರಲು ಜಾಗವೂ ಸಿಗುತ್ತದೆ. ಹಾಗಾಗಿ ವಿ-ಡ್ರೈವ್ ಹುಡುಕಿ, ಕಂಪನಿ ಯಾವುದು ಅನ್ನುವುದನ್ನು ಆಮೇಲೆ ನೋಡಿ.

ಸರ್ಫ್ ಮಾಡುವವರೊಬ್ಬರು:

ಅಲೆಯ ವಿಷಯ ನಾನು ಹೇಳುತ್ತೇನೆ, ನನಗೆ ಬಹಳ ಇಷ್ಟದ ಭಾಗ ಇದು.

ಬೋಟು ಓಡುವಾಗ ನೀರನ್ನು ಎರಡೂ ಪಕ್ಕಕ್ಕೆ ತಳ್ಳಿ ಹಿಂದೆ ಒಂದು ತಗ್ಗು ಮಾಡುತ್ತದೆ. ಆ ತಗ್ಗು ತುಂಬಲು ಎರಡೂ ಬದಿಯ ನೀರು ನುಗ್ಗಿ ಬಂದು ಕೂಡುತ್ತದೆ. ಒಂದೇ ಹೊತ್ತಿಗೆ ಕೂಡಿದರೆ ಎರಡೂ ಕಡೆ ಬರೀ ನೊರೆ. ಒಂದು ಬದಿಯ ನೀರು ಸ್ವಲ್ಪ ತಡವಾಗಿ ಬಂದರೆ ಇನ್ನೊಂದು ಬದಿಯ ಅಲೆಗೆ ನುಣುಪಾದ, ಎತ್ತರದ ಮುಖ ಸಿಗುತ್ತದೆ. ಸರ್ಫಿಂಗ್ ಸೆಟಪ್ ಅನ್ನುವುದೆಲ್ಲ ಈ ತಡ ಮಾಡಿಸುವ ಕೆಲಸವೇ. ಮೊದಲೆಲ್ಲ ಒಂದೇ ಬದಿಗೆ ಭಾರ ಹಾಕಿ ಬೋಟನ್ನು ವಾಲಿಸುತ್ತಿದ್ದರು. 2012-13ರ ಸುಮಾರಿಗೆ ಮಾಲಿಬು ಕಂಪನಿಯ ಸರ್ಫ್ ಗೇಟ್, ನಾಟಿಕ್ ಕಂಪನಿಯ ಸರ್ಫ್ ಸಿಸ್ಟಮ್ (ಬೋಟಿನ ಹಿಂಭಾಗದಲ್ಲಿ ಒಂದು ಬದಿಗೆ ಚಾಚಿ ನೀರನ್ನು ತಡ ಮಾಡಿಸುವ ಪ್ಲೇಟುಗಳು) ಬಂದ ಮೇಲೆ ಬೋಟು ಮಟ್ಟವಾಗಿದ್ದೇ ಅಲೆ ಬರತೊಡಗಿತು. ಅದಕ್ಕಿಂತ ಹಳೆಯ ಬೋಟಾದರೆ ಅದೇ ಕೆಲಸಕ್ಕೆ ಹೊರಮೈಗೆ ಕಚ್ಚಿಕೊಳ್ಳುವ ವೇಕ್ ಶೇಪರ್ ಸಿಗುತ್ತದೆ. ಅದನ್ನು ಹಾಕಬೇಕಾದದ್ದು ಸರ್ಫ್ ಮಾಡುವ ಬದಿಗಲ್ಲ, ಎದುರು ಬದಿಗೆ. ಅದಕ್ಕೊಂದು ದಾರ ಕಟ್ಟಿ ಬೋಟಿಗೆ ಸಿಕ್ಕಿಸಿಡಿ, ಕಳಚಿದರೂ ಮುಳುಗಿ ಹೋಗುವುದಿಲ್ಲ.

ಇನ್ನು ಭಾರ. ಬೋಟಿನೊಳಗೆ ಬ್ಯಾಗುಗಳಿಗೆ ನೀರು ತುಂಬಿ ಭಾರ ಕೂಡಿಸುತ್ತಾರೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಲೆಕ್ಕ ಸುಲಭ. 750 ಪೌಂಡಿನ ಬ್ಯಾಗು ಅಂದರೆ 340 ಲೀಟರ್. ಆರು ಜನ ದೊಡ್ಡವರು ಕೂತರೂ ಹೆಚ್ಚುಕಡಿಮೆ ಅಷ್ಟೇ, ಇಲ್ಲ ಇನ್ನೂ ಜಾಸ್ತಿ ತೂಕ. ಬೋಟಿನ ಮೇಲಿರುವ ಸಾಮರ್ಥ್ಯದ ಫಲಕದ ಅಂಕಿಯೊಳಗೆ ಜನ, ಬ್ಯಾಗು, ಸಾಮಾನು ಎಲ್ಲ ಸೇರಬೇಕು. ಜನ ಹೆಚ್ಚಾದ ದಿನ ನೀರು ಕಡಿಮೆ ತುಂಬಿ.

ಭಾರ ಹಿಂದೆ ಹೆಚ್ಚಾದರೆ ಅಲೆ ಎತ್ತರ, ಕಡಿದು, ಆದರೆ ಗಿಡ್ಡ. ಮೂತಿಗೆ ಸ್ವಲ್ಪ ಭಾರ ಸೇರಿಸಿದರೆ ಅಲೆ ಉದ್ದವಾಗುತ್ತದೆ. ಕಲಿಯುವ ಮಕ್ಕಳಿಗೆ ಉದ್ದದ ಅಲೆಯೇ ಒಳ್ಳೆಯದು. ತಳ್ಳುವ ಜಾಗ ದೊಡ್ಡದಿರುತ್ತದೆ, ಒಂದು ಹೆಜ್ಜೆ ಹಿಂದೆ ಸರಿದ ಕೂಡಲೇ ಅಲೆ ಕೈಬಿಡುವುದಿಲ್ಲ.

ಸ್ಪೀಡು ಗಂಟೆಗೆ 16ರಿಂದ 19 ಕಿಲೋಮೀಟರ್ ನಡುವೆ. ಇಷ್ಟರೊಳಗೇ ಅಲೆ ತುಂಬಾ ಬದಲಾಗುತ್ತದೆ. ಬೋಟಿನ ಜೊತೆ ಸಾಗುವ ಅಲೆಯ ಉದ್ದ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ಆಳದ ನೀರಿನಲ್ಲಿ 16 ಕಿ.ಮೀ.ಗೆ ಒಂದು ನೆತ್ತಿಯಿಂದ ಇನ್ನೊಂದಕ್ಕೆ ಸುಮಾರು 12.6 ಮೀಟರ್, 18 ಕಿ.ಮೀ.ಗೆ 16 ಮೀಟರ್. ಇದನ್ನು ಕೈಲೇ ಥ್ರಾಟಲ್ ಹಿಡಿದು ಕಾಯುವುದು ಕಷ್ಟ. ಹಳೆಯ ಬೋಟೇ ಕೊಳ್ಳಿ, ಆದರೆ ಜಿಪಿಎಸ್ ನೋಡಿ ವೇಗ ಕಾಯುವ ಸ್ಪೀಡ್ ಕಂಟ್ರೋಲ್ ಇರಲಿ.

ನಾನು ಹೊಸ ಬೋಟಿಗೆ ಸೆಟಪ್ ಮಾಡುವ ರೀತಿ ಹೀಗೆ. ಹಿಂದಿನ ಎರಡೂ ಬ್ಯಾಗ್ ತುಂಬಿ, ಗೇಟ್ ಅಥವಾ ಶೇಪರ್ ಹಾಕಿ, ಬೋಟು ಮಟ್ಟವಾಗಿಟ್ಟು 17ಕ್ಕೆ ಓಡಿಸುತ್ತೇನೆ. ಬೋಟಿಗೆ ಹತ್ತಿರ ಅಲೆಯ ತುದಿ ನೋಡಿ. ಅಲ್ಲಿ ಬಿಳಿ ನೊರೆ ಪುಡಿಪುಡಿಯಾಗಿ ಮುಖದ ಮೇಲೆ ಜಾರುತ್ತಿದ್ದರೆ ಸ್ಪೀಡನ್ನು ಅರ್ಧ ಕಿಲೋಮೀಟರ್‌ಗಿಂತ ಕಡಿಮೆ ಹೆಜ್ಜೆಯಲ್ಲಿ ಏರಿಸುತ್ತ ಹೋಗಿ. ಆಗಲೂ ನಿಲ್ಲದಿದ್ದರೆ ಒಬ್ಬರನ್ನು ಎದ್ದು ಸರ್ಫ್ ಬದಿಯ ಸೀಟಿಗೆ ಹೋಗಲು ಹೇಳಿ. ಅಷ್ಟಕ್ಕೇ ನೊರೆ ನಿಂತು ಮುಖ ಗಾಜಿನ ಹಾಗೆ ಆಗುವುದನ್ನು ನೋಡಿದರೆ ಖುಷಿಯಾಗುತ್ತದೆ. ಹಿಂದಿನ ನಡು ಟ್ರಿಮ್ ಪ್ಲೇಟ್ (ಬೋಟಿನ ಹಿಂಭಾಗದಲ್ಲಿ ಏರಿಳಿಸಬಹುದಾದ ಹಲಗೆ) ಕೊನೆಗೆ: ಕೆಳಗಿಳಿಸಿದರೆ ಬೋಟಿನ ಹಿಂಭಾಗ ಏಳುತ್ತದೆ, ಅಲೆ ತಗ್ಗಿ ಉದ್ದವಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಯಾವುದಕ್ಕೆ ಏನಾಯಿತು ಅಂತ ಬರೆದಿಡಿ.

ಕೇಳಿದವರು:

ತುಂಬಾ ಉಪಕಾರವಾಯಿತು. ಮಗಳು ಎಡಗಾಲು ಮುಂದಿಟ್ಟು ನಿಲ್ಲುತ್ತಾಳೆ, ಮಗ ಬಲಗಾಲು. ಇಬ್ಬರಿಗೂ ಒಂದೇ ಬದಿ ಸಾಕಾ?

ಸರ್ಫ್ ಮಾಡುವವರೊಬ್ಬರು:

ಮೈ ಅಲೆಯ ಕಡೆಗೆ ತಿರುಗಿದ್ದರೆ ಕಲಿಯುವುದು ಸುಲಭ. ಮಗಳಿಗೆ ಬೋಟಿನ ಎಡಬದಿ, ಮಗನಿಗೆ ಬಲಬದಿ. ಹಾಗಾಗಿ ನಿಮಗೆ ವಾಲಿಸುವ ಪದ್ಧತಿ ಬೇಡವೇ ಬೇಡ, ಪ್ರತಿ ಸಲ ನೀರು ಖಾಲಿ ಮಾಡಿ ಆಚೆ ಬದಿ ತುಂಬುತ್ತ ಕೂರಬೇಕಾಗುತ್ತದೆ. ಗೇಟ್ ಇರುವ ಬೋಟು ಸಿಕ್ಕರೆ ಬಟನ್ ಒತ್ತಿದರೆ ಬದಿ ಬದಲು. ಹಗ್ಗ ಸುಮಾರು 20 ಅಡಿಯ ಸರ್ಫ್ ಹಗ್ಗವೇ ಇರಲಿ. ಬಿಟ್ಟ ಹಗ್ಗವನ್ನು ಬೋಟಿನೊಳಗೆ ಎಳೆದುಕೊಳ್ಳಬೇಕು, ಕೈಗೆ ಸುತ್ತಿಕೊಳ್ಳಬಾರದು.

ಬೋಟು ರಿಪೇರಿ ಮಾಡುವವರೊಬ್ಬರು:

ಹಳೆಯದು ಕೊಳ್ಳುವಾಗ ಸೀಟು, ಸ್ಪೀಕರ್ ನೋಡುತ್ತ ಹೊತ್ತು ಕಳೆಯಬೇಡಿ. ಎಂಜಿನ್ ಓಡಿದ ಗಂಟೆಯ ಮೀಟರ್ ನೋಡಿ, ಅದರ ಜೊತೆಗೆ ಸರ್ವಿಸ್ ಚೀಟಿಗಳನ್ನು ಕೇಳಿ. ಗಂಟೆ ಜಾಸ್ತಿ ಆದರೂ ಚೆನ್ನಾಗಿ ನೋಡಿಕೊಂಡ ಬೋಟು, ಗಂಟೆ ಕಡಿಮೆ ಆಗಿ ವರ್ಷಗಟ್ಟಲೆ ಸುಮ್ಮನೆ ನಿಂತ ಬೋಟಿಗಿಂತ ಎಷ್ಟೋ ವಾಸಿ. ಪ್ರೊಪೆಲ್ಲರ್ ಹಿಡಿದು ಅಲ್ಲಾಡಿಸಿ. ಶಾಫ್ಟ್ ಲೊಡಲೊಡ ಅಂದರೆ ಬೇರಿಂಗ್ ಸವೆದಿದೆ. ಭಾರಕ್ಕೆ ನೀರು ತುಂಬುವ ಪ್ರತಿ ಬ್ಯಾಲಸ್ಟ್ ಟ್ಯಾಂಕನ್ನೂ ತುಂಬಿಸಿ, ಖಾಲಿ ಮಾಡಿಸಿ. ಬೋಟಿನ ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪ್ ಕೆಲಸ ಮಾಡುತ್ತದೆಯೋ ನೋಡಿ. ಭಾರ ತುಂಬಿದ ಸ್ಥಿತಿಯಲ್ಲೇ ಓಡಿಸಿ ನೋಡಬೇಕು, ಖಾಲಿ ಬೋಟು ಎಲ್ಲರ ಕೈಯಲ್ಲೂ ಚೆನ್ನಾಗೇ ಓಡುತ್ತದೆ. ಭಾರಕ್ಕೆ ಏಳಲು ಒದ್ದಾಡಿದರೆ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿಸಬಹುದು. ಮೇಲಿನ ಸ್ಪೀಡು ಸ್ವಲ್ಪ ಹೋಗುತ್ತದೆ, ಸರ್ಫಿಂಗ್‌ಗೆ ಅದು ಬೇಕಿಲ್ಲ.

ಎಂಜಿನ್ ಪಕ್ಕದ ಜಾಗದಲ್ಲಿ ಬ್ಯಾಗು ಇಡುವವರು ಗಮನಿಸಿ: ತುಂಬಿದ ಬ್ಯಾಗು ಸರಿದು ಬಿಸಿ ಎಗ್ಸಾಸ್ಟಿಗೆ ಒರಗಬಾರದು, ಪೈಪುಗಳನ್ನು ಒತ್ತಬಾರದು, ಎಂಜಿನ್ ಜಾಗದ ಗಾಳಿ ಹೊರಹಾಕುವ ಫ್ಯಾನಾದ ಬ್ಲೋವರ್‌ನ ಗಾಳಿ ಬಾಯಿ ಮುಚ್ಚಬಾರದು. ಸ್ಟಾರ್ಟ್ ಮಾಡುವ ಮೊದಲು ಬ್ಲೋವರ್ ಹಾಕಿ ಪೆಟ್ರೋಲ್ ಆವಿ ಹೊರಹಾಕುವುದನ್ನು ಒಂದು ದಿನವೂ ಬಿಡಬೇಡಿ.

ಇನ್ನೊಬ್ಬರು:

ಯಾರೂ ಕಾರ್ಬನ್ ಮೊನಾಕ್ಸೈಡ್ ಮಾತೆತ್ತಲಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಓಡುವ ಬೋಟಿನ ಹಿಂದೆ ಗಾಳಿ ಸುಳಿದು ಹೊಗೆಯನ್ನು ಬೋಟಿನ ಕಡೆಗೇ ಎಳೆಯುತ್ತದೆ, ಸರ್ಫ್ ಮಾಡುವವರು ಇರುವುದೂ ಅಲ್ಲೇ. ಹೊಗೆಯನ್ನು ನೀರಿನೊಳಕ್ಕೆ, ಪ್ರೊಪೆಲ್ಲರ್ ನೊರೆಯೊಳಕ್ಕೆ ಬಿಡುವ ಎಗ್ಸಾಸ್ಟ್ ಪೈಪು ಹಾಕಿಸಿದರೆ ತುಂಬಾ ವ್ಯತ್ಯಾಸ ಆಗುತ್ತದೆ. ಎಂಜಿನ್ ಚಾಲೂ ಇರುವಾಗ ಹಿಂದಿನ ಪ್ಲಾಟ್‌ಫಾರ್ಮಿನ ಮೇಲೆ ಯಾರನ್ನೂ ಕೂರಿಸಬೇಡಿ. ಮಗು ತಲೆನೋವು, ವಾಕರಿಕೆ ಅಂದರೆ ಬಿಸಿಲು ಅಂದುಕೊಳ್ಳದೆ ತಕ್ಷಣ ಎಂಜಿನ್ ಆರಿಸಿ ಶುದ್ಧ ಗಾಳಿಗೆ ಕರೆದೊಯ್ಯಿರಿ, ವೈದ್ಯರ ನೆರವು ಪಡೆಯಿರಿ.

ಬೋಟು ಓಡಿಸುವವರೊಬ್ಬರು:

ಓಡಿಸುವವರಿಗೆ ಎರಡು ಮಾತು. ಸರ್ಫರ್ ಬಿದ್ದಾಗ ಗಾಬರಿಯಾಗಿ ಥ್ರಾಟಲ್ ಪೂರ್ತಿ ಎಳೆದು ಗರಕ್ಕನೆ ತಿರುಗಿಸಬೇಡಿ. ಭಾರ ತುಂಬಿದ ಬೋಟಿನ ಮೂತಿ ತಗ್ಗಿರುತ್ತದೆ, ನೀವೇ ಎಬ್ಬಿಸಿದ ಅಲೆ ಮುಂದಿನಿಂದ ಒಳಗೆ ನುಗ್ಗುತ್ತದೆ. ನಿಧಾನಿಸಿ, ಅಲೆ ಹಾಯ್ದು ಹೋಗಲಿ, ಆಮೇಲೆ ತಿರುಗಿ. ಬಿದ್ದವರು ನಿಮ್ಮ ಕಣ್ಣಿಗೆ ಕಾಣುವ ಬದಿಯಲ್ಲೇ ಇರಲಿ, ಹತ್ತಿಸಿಕೊಳ್ಳುವಾಗ ಎಂಜಿನ್ ಆರಿಸಿ.

ಜಾಗವೂ ಸೆಟಪ್‌ನ ಭಾಗವೇ. ಆಳ ಕಡಿಮೆಯಾದರೆ ಅಲೆ ಸೊರಗುತ್ತದೆ, ಕೆಳಗಿನ ಕೆಸರು ಕದಡುತ್ತದೆ. ದಡದ ಹತ್ತಿರ ಓಡಿಸಿದರೆ ಮಣ್ಣು ಕೊಚ್ಚಿ ಹೋಗುತ್ತದೆ, ಕಟ್ಟಿಹಾಕಿದ ಬೋಟುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಅಮೆರಿಕದ ವರ್ಮಾಂಟ್ ರಾಜ್ಯ 2024ರಲ್ಲಿ ತಂದ ನಿಯಮದಲ್ಲಿ ದಡದಿಂದ ಕನಿಷ್ಠ 500 ಅಡಿ ದೂರ, 20 ಅಡಿ ಆಳ ಇರಬೇಕು. ನಿಮ್ಮ ನೀರಿನ ನಿಯಮ ಬೇರೆ ಇರಬಹುದು, ಕೇಳಿ ತಿಳಿದುಕೊಳ್ಳಿ. ಅದು ಸಡಿಲ ಇದ್ದರೂ ನಾನು ಈ ಅಳತೆಯನ್ನೇ ಪಾಲಿಸುತ್ತೇನೆ. ಒಂದೇ ದಾರಿಯಲ್ಲಿ ಹೋಗಿ ಬಂದು ಮಾಡುತ್ತಿರಬೇಡಿ, ದಡದಲ್ಲಿರುವವರಿಗೂ ಬಿಡುವು ಸಿಗಲಿ.

ಬೋಟನ್ನು ಬೇರೆ ಕೆರೆಗೆ ಒಯ್ಯುವ ಮುನ್ನ ಟ್ಯಾಂಕು, ಬ್ಯಾಗು ಖಾಲಿ ಮಾಡಿ ಒಣಗಿಸಿ. ಪಂಪು ನಿಂತ ಮೇಲೂ ತಳದಲ್ಲಿ ನೀರು ಉಳಿದಿರುತ್ತದೆ. ಜೀಬ್ರಾ ಮಸಲ್ ಚಿಪ್ಪಿನ ಕಣ್ಣಿಗೆ ಕಾಣದ ಮರಿಗಳು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಲು ಅಷ್ಟು ನೀರು ಸಾಕು.